ಲೀ ಜಾಂಗ್-ಸುಕ್ಕೋ, ಕಿಮ್ ವೂ-ಬಿನ್ನೋ? ರ‍್ಯಾಂಪ್ ಬಿಟ್ಟು ಕ್ಯಾಮೆರಾ ಮುಂದೆ ಬಂದ ಇಬ್ಬರು

ಕೆ-ಡ್ರಾಮಾ, ಅಂದರೆ ಕೊರಿಯನ್ ಸೀರಿಯಲ್, ನೋಡುವವರು ನಾಲ್ಕು ಜನ ಸೇರಿದರೆ ಈ ಜಗಳ ಬಂದೇ ಬರುತ್ತದೆ. ಮಾಡೆಲಿಂಗ್‌ನಿಂದ ನಟನೆಗೆ ಬಂದವರಲ್ಲಿ ಯಾರು ಮೇಲು? ಹೆಸರುಗಳು ಬೇಕಾದಷ್ಟಿವೆ. ಆದರೆ ಹೋಲಿಸಿ ನೋಡಲು ಲೀ ಜಾಂಗ್-ಸುಕ್ ಮತ್ತು ಕಿಮ್ ವೂ-ಬಿನ್ ಅವರಂಥ ಜೋಡಿ ಇನ್ನೊಂದಿಲ್ಲ. ಇಬ್ಬರೂ 1989ರಲ್ಲಿ ಹುಟ್ಟಿದವರು, ನಡುವೆ ಎರಡೇ ತಿಂಗಳ ಅಂತರ. ಇಬ್ಬರೂ ಆರಡಿ ದಾಟಿದವರು. ಇಬ್ಬರಿಗೂ ಹೆಸರು ತಂದಿದ್ದು ಒಂದೇ ಸೀರಿಯಲ್. ಶುರು ಇಷ್ಟು ಒಂದೇ ಥರ ಇದ್ದೂ ಆಮೇಲೆ ಹಿಡಿದ ದಾರಿ ಮಾತ್ರ ಪೂರ್ತಿ ಬೇರೆ.

ನಾನು ಮಾಡಿದ್ದು ಇಷ್ಟೇ. ಇವರದ್ದೊಂದು, ಅವರದ್ದೊಂದು ಅಂತ ಸರದಿ ಮೇಲೆ ನೋಡಿದೆ. ಸಬ್‌ಟೈಟಲ್ ಓದುವಾಗ ಕಣ್ಣು ಪರದೆಯ ಕೆಳಗಡೆಯೇ ಇರುತ್ತದೆ, ಮುಖ ತಪ್ಪಿಹೋಗುತ್ತದೆ. ಅದಕ್ಕೆ ಮುಖ್ಯ ದೃಶ್ಯಗಳನ್ನು ಇನ್ನೊಂದು ಸಲ ಸಬ್‌ಟೈಟಲ್ ತೆಗೆದು, ಮ್ಯೂಟ್ ಮಾಡಿ ನೋಡಿದೆ. ಆಮೇಲೆ ಫೋನ್ ಬೋರಲು ಹಾಕಿ ಬರೀ ಕೇಳಿದೆ. ಮನೆಯವರಿಗೆ ಇದು ಹುಚ್ಚಾಟ ಅನಿಸಿತು, ಇರಲಿ. ಮಾಡೆಲ್ ಆಗಿದ್ದವರಿಗೆ ನಿಲ್ಲುವುದು, ನಡೆಯುವುದು ಮೊದಲೇ ಬಂದಿರುತ್ತದೆ. ಬರಬೇಕಾದ್ದು ಮಿಕ್ಕಿದ್ದೆಲ್ಲ. ಅದು ಬಂದಿದೆಯಾ ಅಂತ ನೋಡಲು ಇದಕ್ಕಿಂತ ಸುಲಭದ ಉಪಾಯ ನನಗೆ ಹೊಳೆಯಲಿಲ್ಲ.

ಲೀ ರ‍್ಯಾಂಪ್ ಹತ್ತಿದ್ದು 2005ರಲ್ಲಿ, ಇನ್ನೂ ಹೈಸ್ಕೂಲು ಹುಡುಗನಾಗಿದ್ದಾಗ. ನಟನೆಗೆ ಬಂದಿದ್ದು 2010ರಲ್ಲಿ, ಸಣ್ಣ ಪಾತ್ರಗಳಿಂದ. ಕಿಮ್ ಮಾಡೆಲಿಂಗನ್ನೇ ಜಿಯೊಂಜು ವಿಶ್ವವಿದ್ಯಾಲಯದಲ್ಲಿ ಓದಿದವರು. ಅವರ ನಿಜ ಹೆಸರು ಕಿಮ್ ಹ್ಯುನ್-ಜೂಂಗ್. ಆ ಹೆಸರಿನಲ್ಲಿ ಆಗಲೇ ಒಬ್ಬ ದೊಡ್ಡ ಸ್ಟಾರ್ ಇದ್ದ, ಅದಕ್ಕೇ ಇವರು ಕಿಮ್ ವೂ-ಬಿನ್ ಆದರು. 2011ರಲ್ಲಿ ಬಂದ 'ವೈಟ್ ಕ್ರಿಸ್‌ಮಸ್' ಅನ್ನುವ ಎಂಟು ಎಪಿಸೋಡಿನ ಥ್ರಿಲ್ಲರ್ ಅವರ ಮೊದಲ ಕೆಲಸ. ಹಿಮ ಸುತ್ತುಗಟ್ಟಿದ ಹಾಸ್ಟೆಲ್ ಶಾಲೆ, ಒಳಗೆ ಒಂದಷ್ಟು ವಿದ್ಯಾರ್ಥಿಗಳು. ತಮಾಷೆ ಏನೆಂದರೆ ಆ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಮಾಡೆಲ್‌ಗಳೇ. ಕಿಮ್ ಯಂಗ್-ಕ್ವಾಂಗ್, ಲೀ ಸೂ-ಹ್ಯುಕ್, ಸಂಗ್ ಜೂನ್, ಹಾಂಗ್ ಜಾಂಗ್-ಹ್ಯುನ್ ಎಲ್ಲರೂ ಅದರಲ್ಲಿದ್ದಾರೆ. ಅಷ್ಟು ಚೆಂದದ ಹುಡುಗರ ಮಧ್ಯೆ ಕೂದಲಿಗೆ ಬಣ್ಣ ಬಳಿದುಕೊಂಡು ಹುಚ್ಚು ಹುಡುಗನಾಗಿ ಕಿರುಚುವ ಕಿಮ್ ಮೇಲೆಯೇ ಕಣ್ಣು ಹೋಗುತ್ತದೆ.

ಇಬ್ಬರೂ ಒಟ್ಟಿಗೆ ಸಿಕ್ಕಿದ್ದು 'ಸ್ಕೂಲ್ 2013'ರಲ್ಲಿ. ಕೆಬಿಎಸ್ ವಾಹಿನಿಯ ಈ 'ಸ್ಕೂಲ್' ಸರಣಿ ಹೊಸಬರಿಗೆ ಹೆಬ್ಬಾಗಿಲು ಇದ್ದಂತೆ. 1999ರಲ್ಲಿ ಬೇ ಡೂನಾ ಬಂದಿದ್ದು ಇದರಿಂದಲೇ, 2015ರಲ್ಲಿ ನಾಮ್ ಜೂ-ಹ್ಯುಕ್‌ಗೆ ಹೆಸರು ಬಂದಿದ್ದೂ ಇದರಿಂದಲೇ. ಅವರಿಬ್ಬರೂ ಮಾಡೆಲ್‌ಗಳಾಗಿದ್ದವರೇ, ನೋಡಿ. 'ಸ್ಕೂಲ್ 2013'ರಲ್ಲಿ ಲೀ ಅವರದ್ದು ನಾಮ್-ಸೂನ್ ಪಾತ್ರ, ಕಿಮ್ ಅವರದ್ದು ಹ್ಯೂಂಗ್-ಸೂ ಪಾತ್ರ. ಒಂದು ಕಾಲದ ಜೀವದ ಗೆಳೆಯರು. ನಾಮ್-ಸೂನ್‌ನಿಂದಲೇ ಹ್ಯೂಂಗ್-ಸೂ ಕಾಲಿಗೆ ಏಟಾಗಿ ಫುಟ್‌ಬಾಲ್ ಕನಸು ಮುರಿದಿದೆ. ಈಗ ಇಬ್ಬರೂ ಒಂದೇ ಕ್ಲಾಸಿನಲ್ಲಿ ಕೂರಬೇಕು. ಪ್ರೇಮಕಥೆಯ ಗೊಡವೆಯಿಲ್ಲದೆ ಬರೀ ಗೆಳೆತನದ ಮೇಲೆ ಇಷ್ಟು ದೂರ ಎಳೆದ ಸೀರಿಯಲ್ ಅಪರೂಪ.

ಇದನ್ನು ಮ್ಯೂಟ್ ಮಾಡಿ ನೋಡಿದರೆ ಲೀ ಗೆಲ್ಲುತ್ತಾರೆ. ಅನುಮಾನವೇ ಬೇಡ. ಅಳು ಬರುವ ಮುಂಚೆ ಅವರ ಮುಖದಲ್ಲಿ ಏನೋ ಒಂದು ಸಣ್ಣಗೆ ಕದಲುತ್ತದೆ, ಮೂಗಿನ ತುದಿ ಕೆಂಪಾಗುತ್ತದೆ, ಆಮೇಲೆ ಕಣ್ಣು ತುಂಬುತ್ತದೆ. ಮಾತು ಬೇಕಾಗುವುದೇ ಇಲ್ಲ. 'ಐ ಕ್ಯಾನ್ ಹಿಯರ್ ಯುವರ್ ವಾಯ್ಸ್'ನಲ್ಲಿ (2013) ಬೇರೆಯವರ ಮನಸ್ಸು ಓದುವ ಹುಡುಗನ ಪಾತ್ರ. ಎದುರಿನವರ ಮನಸ್ಸಿನಲ್ಲಿ ಕೇಳಿದ್ದಕ್ಕೆ ಮುಖದಲ್ಲೇ ಉತ್ತರ ಕೊಡಬೇಕು. ಅದು ಅವರಿಗೆ ಅಳತೆ ತೆಗೆದು ಹೊಲಿದ ಅಂಗಿ. 'ಪಿನೋಕಿಯೋ'ದಲ್ಲಿ (2014) ಸುದ್ದಿವಾಹಿನಿಯ ವರದಿಗಾರ, ಮನೆಯವರಿಂದಲೂ ತನ್ನ ಹೆಸರು ಮುಚ್ಚಿಟ್ಟವನು. ಅಲ್ಲೂ ಅದೇ ಬಲ. 'ಡಬ್ಲ್ಯೂ'ನಲ್ಲಿ (2016) ಅವರೊಂದು ಕಾಮಿಕ್ ಕಥೆಯ ನಾಯಕ, ಯಾರೋ ಬರೆದ ಚಿತ್ರ. ಮಾಡೆಲ್ ಮೈಕಟ್ಟನ್ನು ಇಷ್ಟು ಜಾಣತನದಿಂದ ಬಳಸಿಕೊಂಡ ಕಥೆ ನಾನು ಬೇರೆ ನೋಡಿಲ್ಲ. ಮನುಷ್ಯ ಇಷ್ಟು ಚೆಂದ ಇರಲು ಸಾಧ್ಯವಾ ಅನಿಸಿದರೆ ಕಥೆಗೆ ಒಳ್ಳೆಯದೇ, ಯಾಕೆಂದರೆ ಅವನು ಮನುಷ್ಯನೇ ಅಲ್ಲವಲ್ಲ! ಆ ವರ್ಷ ಎಂಬಿಸಿ ವಾಹಿನಿಯ ದೊಡ್ಡ ಪ್ರಶಸ್ತಿ ಅವರಿಗೆ ಬಂತು. 2022ರಲ್ಲಿ 'ಬಿಗ್ ಮೌತ್'ಗೆ ಮತ್ತೆ ಬಂತು.

ಫೋನ್ ಬೋರಲು ಹಾಕಿದರೆ ಲೆಕ್ಕ ತಲೆಕೆಳಗು. ಕಿಮ್ ಅವರದ್ದು ತಳದಿಂದ ಬರುವ ದನಿ. ಕೊರಿಯನ್ ಒಂದಕ್ಷರ ಬರದಿದ್ದರೂ ಇದು ಬೆದರಿಕೆ, ಇದು ಹುಸಿ ಧಿಮಾಕು, ಇದು ನಿಜವಾದ ನೋವು ಅಂತ ಗೊತ್ತಾಗುತ್ತದೆ. 'ದ ಏರ್ಸ್'ನಲ್ಲಿ (2013) ಹೋಟೆಲ್ ಮಾಲೀಕರ ಮಗ ಯಂಗ್-ಡೋ. ಹಾಗೆ ನೋಡಿದರೆ ಪುಂಡ, ಎಲ್ಲರಿಗೂ ಕಾಟ ಕೊಡುವವನು. ಆದರೆ ಆ ದನಿಯಲ್ಲಿ ಒಂಟಿತನ ಇದೆ. ನಾಯಕ ಲೀ ಮಿನ್-ಹೋ ಇರುವಾಗಲೂ ನನಗೆ ನೆನಪಿರುವುದು ಇವರೇ. ಕಾಮಿಡಿ ಬೇಕೆಂದರೆ 2015ರ 'ಟ್ವೆಂಟಿ' ಸಿನಿಮಾ. ಕೆಲಸಕ್ಕೆ ಬಾರದ ಇಪ್ಪತ್ತರ ಹುಡುಗ. ತನ್ನ ಉದ್ದ ಕೈಕಾಲುಗಳನ್ನೇ ನಗೆಗೆ ಒಡ್ಡಿದ್ದಾರೆ. ಇಷ್ಟು ನಾಚಿಕೆ ಬಿಟ್ಟು ಪೆದ್ದನಾಗಿದ್ದು ಲೀ ಅವರ ಕೆಲಸಗಳಲ್ಲಿ ನನಗಂತೂ ಕಂಡಿಲ್ಲ.

ಇನ್ನು ನನಗೆ ಮುಖ್ಯ ಅನಿಸಿದ ಪರೀಕ್ಷೆ: ಸಾಧಾರಣ ಮನುಷ್ಯನಾಗಿ ಕಾಣುವುದು. ಮಾಡೆಲ್ ಆಗಿದ್ದವರಿಗೆ ಕಷ್ಟ ಆಗುವುದು ಇಲ್ಲೇ. ಬಟ್ಟೆ ಚೆನ್ನಾಗಿ ಕಾಣಿಸುವುದೇ ಅವರು ಕಲಿತ ಕೆಲಸ. 'ಬಿಗ್ ಮೌತ್'ನಲ್ಲಿ ಲೀ ಕೇಸು ಗೆಲ್ಲಲಾರದ ಬಡಪಾಯಿ ವಕೀಲ. ಮೊದಲ ಎಪಿಸೋಡುಗಳಲ್ಲಿ ಭುಜ ಇಳಿಬಿಟ್ಟು, ತೊದಲುತ್ತಾ ಚೆನ್ನಾಗಿಯೇ ಮಾಡಿದ್ದಾರೆ. ಜೈಲಿಗೆ ಹೋಗಿ ಎರಡು ಏಟು ಕೊಟ್ಟ ಮೇಲೆ ಮತ್ತೆ ಹೀರೋ ಆಗಿಬಿಡುತ್ತಾರೆ. ಕಥೆಯೇ ಹಾಗಿದೆ, ಅವರದ್ದೇನು ತಪ್ಪು? ಕಿಮ್ 2022ರ 'ಅವರ್ ಬ್ಲೂಸ್'ನಲ್ಲಿ ಜೆಜು ದ್ವೀಪದ ಒಬ್ಬ ದೋಣಿ ಕ್ಯಾಪ್ಟನ್. ಸಮುದ್ರಕ್ಕೆ ಮುಳುಗಿ ಚಿಪ್ಪು ಹಿಡಿಯುವ ಹೆಂಗಸರನ್ನು ಕರೆದುಕೊಂಡು ಹೋಗಿ ಬರುವವನು. ದೊಡ್ಡ ಡೈಲಾಗಿಲ್ಲ, ಹೊಡೆದಾಟವಿಲ್ಲ. ತಾನು ಪ್ರೀತಿಸುವ ಹುಡುಗಿಯ ಅವಳಿ ಅಕ್ಕನಿಗೆ ಡೌನ್ ಸಿಂಡ್ರೋಮ್ ಇದೆ ಅಂತ ಗೊತ್ತಾದಾಗ ಅವನು ಒಂದು ಕ್ಷಣ ಗಲಿಬಿಲಿಗೊಳ್ಳುತ್ತಾನೆ. ತಾನು ಗಲಿಬಿಲಿಗೊಂಡೆ ಅನ್ನುವುದಕ್ಕೇ ಮತ್ತೆ ಬೇಜಾರಾಗುತ್ತಾನೆ. ಆ ಅಕ್ಕನ ಪಾತ್ರ ಮಾಡಿದ ಜಂಗ್ ಉನ್-ಹೇ ಅವರಿಗೂ ನಿಜವಾಗಿ ಡೌನ್ ಸಿಂಡ್ರೋಮ್ ಇದೆ, ಚಿತ್ರ ಬರೆಯುವ ಕಲಾವಿದೆ. ಅವರ ಪಕ್ಕದಲ್ಲಿ ಕಿಮ್ ಸುಮ್ನೆ ಇರುತ್ತಾರೆ, ತನ್ನ ಕಡೆಗೆ ಏನನ್ನೂ ಎಳೆದುಕೊಳ್ಳುವುದಿಲ್ಲ. ನನ್ನ ಓಟು ಹೋಗಿದ್ದು ಅಲ್ಲೇ.

ಆ ಪಾತ್ರಕ್ಕೆ ಮುಂಚೆ ಕಿಮ್ ಹಲವು ವರ್ಷ ಪರದೆಯ ಮೇಲೆ ಇರಲೇ ಇಲ್ಲ. 2017ರ ಮೇ ತಿಂಗಳಲ್ಲಿ ಅವರಿಗೆ ಮೂಗಿನ ಹಿಂದಿನ ಗಂಟಲಿನ ಕ್ಯಾನ್ಸರ್ ಇದೆ ಅಂತ ಸುದ್ದಿ ಬಂತು. ಅದರ ಹಿಂದಿನ ವರ್ಷವಷ್ಟೇ 'ಅನ್‌ಕಂಟ್ರೋಲಬ್ಲಿ ಫಾಂಡ್'ನಲ್ಲಿ ಸಾವು ಹತ್ತಿರವಿರುವ ಸಿನಿಮಾ ನಟನ ಪಾತ್ರ ಮಾಡಿದ್ದರು. ಈಗ ಅದನ್ನು ಕೂತು ನೋಡುವುದು ಕಷ್ಟ. 2019ರ ನವೆಂಬರಿನಲ್ಲಿ ಕೊರಿಯಾದ ಬ್ಲೂ ಡ್ರ್ಯಾಗನ್ ಸಿನಿಮಾ ಪ್ರಶಸ್ತಿ ಸಮಾರಂಭದ ವೇದಿಕೆಗೆ ಬಂದಾಗ ಜನ ಎದೆ ತುಂಬಿ ಚಪ್ಪಾಳೆ ತಟ್ಟಿದರು. ಲೀ ಕೂಡ ಕಡ್ಡಾಯ ಸೈನಿಕ ಸೇವೆಯ ಲೆಕ್ಕದಲ್ಲಿ 2019ರಿಂದ 2021ರ ಜನವರಿವರೆಗೆ ದೂರ ಇದ್ದರು, ಆದರೆ ಅದು ಹೆಚ್ಚುಕಡಿಮೆ ಎಲ್ಲ ಕೊರಿಯನ್ ಹುಡುಗರ ಪಾಲಿಗೂ ಬರುವ ವಿರಾಮ. ಹಾಗಾಗಿ ಬರೀ ಪಟ್ಟಿ ಇಟ್ಟುಕೊಂಡು ಲೆಕ್ಕ ಹಾಕಿದರೆ ಲೀ ಎಷ್ಟೋ ಮುಂದಿದ್ದಾರೆ. ಪಟ್ಟಿ ನೋಡಿ ತೀರ್ಮಾನ ಮಾಡುವವರ ಜೊತೆ ನನಗೆ ವಾದ ಇಲ್ಲ.

ಹೆಣ್ಣುಮಕ್ಕಳನ್ನು ಸೇರಿಸಿಕೊಂಡರೆ ಈ ಇಬ್ಬರೂ ಸ್ವಲ್ಪ ಸಣ್ಣಗೆ ಕಾಣುತ್ತಾರೆ ಅನ್ನುವುದನ್ನೂ ಹೇಳಿಬಿಡಬೇಕು. ಬೇ ಡೂನಾ 2006ರ 'ದ ಹೋಸ್ಟ್'ನಿಂದ ಹಿಡಿದು 'ಸ್ಟ್ರೇಂಜರ್'ವರೆಗೆ ಚೆಂದ ಕಾಣುವ ಹಂಗನ್ನೇ ಇಟ್ಟುಕೊಂಡಿಲ್ಲ. ಜಂಗ್ ಹೋ-ಯೋನ್ ಲೂಯಿ ವಿಟಾನ್‌ನಂಥ ಬ್ರ್ಯಾಂಡ್‌ಗಳಿಗೆ ನಡೆದ ಮೇಲೆ ನೇರವಾಗಿ 'ಸ್ಕ್ವಿಡ್ ಗೇಮ್'ಗೆ (2021) ಬಂದರು. ಅದೇ ಅವರ ಮೊದಲ ನಟನೆ. ಆಟಗಾರ್ತಿ 067 ಆಗಿ ಮಾತೇ ಆಡದೆ, ಕತ್ತು ಸ್ವಲ್ಪ ತಗ್ಗಿಸಿ, ಕೆಳಗಿನಿಂದ ದಿಟ್ಟಿಸುವ ಆ ನೋಟ! ಅಮೆರಿಕದ ನಟರ ಸಂಘದ ಪ್ರಶಸ್ತಿ ಮರು ವರ್ಷ ಸಿಕ್ಕಿತು. ಒಂದೇ ಪಾತ್ರಕ್ಕೆ.

ಇನ್ನು ಬ್ಯೋನ್ ವೂ-ಸೊಕ್ ಬಗ್ಗೆ ಕೇಳುವವರು ಜಾಸ್ತಿ. 2024ರ 'ಲವ್ಲಿ ರನ್ನರ್' ಬಂದ ಮೇಲೆ ಎಲ್ಲ ಕಡೆ ಅವರದ್ದೇ ಮುಖ. 2016ರಿಂದ ಸಣ್ಣಪುಟ್ಟ ಪಾತ್ರ ಮಾಡಿಕೊಂಡು ಬಂದವರು. 2020ರ 'ರೆಕಾರ್ಡ್ ಆಫ್ ಯೂತ್' ಕಥೆಯೇ ಮಾಡೆಲ್‌ಗಳು ನಟರಾಗಲು ಒದ್ದಾಡುವುದು. ಅದರಲ್ಲಿ ನಾಯಕ ಪಾರ್ಕ್ ಬೋ-ಗಮ್. ನಿಜವಾದ ಮಾಡೆಲ್ ಆಗಿದ್ದ ಬ್ಯೋನ್ ಗೆಳೆಯನ ಪಾತ್ರದಲ್ಲಿ! ಅವರನ್ನು ಇವರಿಬ್ಬರ ಪಕ್ಕ ಇಡಲು ಇನ್ನೂ ನಾಲ್ಕು ಪಾತ್ರ ಬರಲಿ.

ನೋಡಲು ಶುರು ಮಾಡುವವರಿಗೆ ಹೇಳುವುದಾದರೆ: ಒಂದು ಸಂಜೆ ಮಾತ್ರ ಇದ್ದರೆ ಕಿಮ್ ಅವರ 'ಆಫೀಸರ್ ಬ್ಲ್ಯಾಕ್ ಬೆಲ್ಟ್' (2024) ಹಾಕಿ, ಎರಡು ಗಂಟೆಯೊಳಗೆ ಮುಗಿಯುತ್ತದೆ. ಮೆದುಳಿಗೆ ಭಾರ ಇಲ್ಲ, ಹೊಡೆದಾಟ ಚೆನ್ನಾಗಿದೆ. ವಾರಗಟ್ಟಲೆ ಸಮಯ ಇದ್ದರೆ ಲೀ ಅವರ 'ಪಿನೋಕಿಯೋ', ಇಪ್ಪತ್ತು ಎಪಿಸೋಡ್. 'ಡಬ್ಲ್ಯೂ' ಅರ್ಧದವರೆಗೆ ಅದ್ಭುತ, ಆಮೇಲೆ ಕಥೆ ತನ್ನ ಬಾಲವನ್ನೇ ತಿನ್ನುತ್ತದೆ. 'ಬಿಗ್ ಮೌತ್' ಕೂಡ ಬೇಡ ಅನ್ನುವುದಿಲ್ಲ, ಆದರೆ ಕೊನೆಯ ಎಪಿಸೋಡ್ ನೋಡಿ ಬೈದುಕೊಂಡರೆ ಅದಕ್ಕೆ ನಾನು ಹೊಣೆಯಲ್ಲ.