ಹೊರಗಿನಿಂದ ಬಂದ ಜೀವಕೋಶಗಳನ್ನು ಟೆಸ್ಟ್ ಮಾಡದೆ ಇನ್‌ಕ್ಯುಬೇಟರಿನೊಳಗೆ ಬಿಟ್ಟುಕೊಳ್ಳಬೇಡಿ

ಸೆಲ್ ಕಲ್ಚರ್, ಅಂದರೆ ಲ್ಯಾಬಿನಲ್ಲಿ ಜೀವಕೋಶ ಬೆಳೆಸುವ ಕೆಲಸಕ್ಕೆ ಹೊಸದಾಗಿ ಬಂದವರು ದಯವಿಟ್ಟು ಓದಿ. ಮೀಡಿಯಂ (ಕೋಶಗಳು ಬೆಳೆಯುವ ಪೋಷಕ ದ್ರವ) ತಿಳಿಯಾಗಿದೆ, ಕೋಶಗಳು ಬೆಳೆಯುತ್ತಿವೆ ಅಂದಮಾತ್ರಕ್ಕೆ ಕಲ್ಚರಿನಲ್ಲಿ ಸೋಂಕಿಲ್ಲ ಅಂತಲ್ಲ. ಇದು ಗೊತ್ತಾಗುವಷ್ಟರಲ್ಲಿ ನಮ್ಮ ಲ್ಯಾಬಿನ ಎಷ್ಟೋ ತಿಂಗಳ ಕೆಲಸ ಮಣ್ಣುಪಾಲಾಗಿತ್ತು.

ಇನ್ನೊಂದು ಲ್ಯಾಬಿನವರು ನಮಗೆ ಒಂದು ಫ್ಲಾಸ್ಕ್ ಕೋಶಗಳನ್ನು ಕೊಟ್ಟರು. 'ಟೆಸ್ಟ್ ಆಗಿದೆ, ಧೈರ್ಯವಾಗಿ ಬಳಸಿ' ಅಂದರು. ರಿಪೋರ್ಟ್ ಕೇಳಿದರೆ 'ಆಮೇಲೆ ಕಳಿಸುತ್ತೇವೆ' ಅಂದವರು ಕೊನೆಗೂ ಕಳಿಸಲಿಲ್ಲ. ನೋಡಲು ಎಲ್ಲ ಸರಿಯಾಗಿಯೇ ಇತ್ತು. ಸಾಮಾನ್ಯ ಬ್ಯಾಕ್ಟೀರಿಯಾ ಬಿದ್ದರೆ ರಾತ್ರಿ ಕಳೆಯುವುದರೊಳಗೆ ಮೀಡಿಯಂ ಮಬ್ಬಾಗಿ ಹಳದಿಗೆ ತಿರುಗುತ್ತದೆ. ಫಂಗಸ್ ಆದರೆ ಎಳೆಎಳೆಯಾಗಿ ಕಾಣುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಸ್ವಲ್ಪ ದಿನಕ್ಕೆ ಕೋಶಗಳ ಬೆಳವಣಿಗೆ ನಿಧಾನವಾಯಿತು. ಕೋಶಗಳು ಎಷ್ಟು ಬದುಕಿವೆ ಅಂತ ಅಳೆಯುವ ಎಂಟಿಟಿ ಟೆಸ್ಟಿನ ಅಂಕಿಗಳು ಒಂದು ಸಲ ಬಂದಂತೆ ಇನ್ನೊಂದು ಸಲ ಬರುತ್ತಿರಲಿಲ್ಲ. ಮೀಡಿಯಂಗೆ ಹಾಕುವ ಸೀರಮ್ ಬದಲಿಸಿದೆವು, ಪಿಪೆಟ್ ಪರೀಕ್ಷಿಸಿದೆವು, ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿಗೆ 5% ಕಾರ್ಬನ್ ಡೈಆಕ್ಸೈಡ್ ಸರಿಯಾಗಿ ಬರುತ್ತಿದೆಯಾ ಅಂತ ನೋಡಿದೆವು. ಕೊನೆಗೆ ಸಹೋದ್ಯೋಗಿಯೊಬ್ಬರು ಕೋಶಗಳಿಗೆ ಹೋಕ್ಸ್ಟ್ ಬಣ್ಣ ಹಾಕಿದರು. ಇದು ಡಿಎನ್‌ಎಗೆ ಅಂಟಿ ನೀಲಿಯಾಗಿ ಹೊಳೆಯುವ ಬಣ್ಣ. ಕೋಶಕೇಂದ್ರ ಮಾತ್ರ ಹೊಳೆದು, ಸುತ್ತ ಕಪ್ಪಾಗಿರಬೇಕು. ಆದರೆ ಪ್ರತಿ ಕೋಶದ ಸುತ್ತಲೂ ರವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ನೀಲಿ ಚುಕ್ಕೆಗಳಿದ್ದವು. ಮೈಕೋಪ್ಲಾಸ್ಮಾ ಅನ್ನುವ ಅತಿ ಸಣ್ಣ ಬ್ಯಾಕ್ಟೀರಿಯಾ! ಡಿಎನ್‌ಎ ಪತ್ತೆ ಹಚ್ಚುವ ಪಿಸಿಆರ್ ಟೆಸ್ಟ್ ಕೂಡ ಅದನ್ನೇ ಹೇಳಿತು. ಆ ಹೊತ್ತಿಗೆ ಅದೇ ಇನ್‌ಕ್ಯುಬೇಟರಿನಲ್ಲಿದ್ದ ನಮ್ಮ ಹಳೆಯ ಕಲ್ಚರುಗಳಿಗೂ ಸೋಂಕು ಹರಡಿತ್ತು. ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೆ.

ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿ ಇಲ್ಲ. ಪೆನಿಸಿಲಿನ್ ಕೆಲಸ ಮಾಡುವುದೇ ಕೋಶಭಿತ್ತಿ ಕಟ್ಟುವುದನ್ನು ತಡೆದು. ಹಾಗಾಗಿ ಇದರ ಮೇಲೆ ಅದರ ಆಟ ನಡೆಯುವುದಿಲ್ಲ. ಗಾತ್ರವೂ ತೀರಾ ಚಿಕ್ಕದು, ಮೈ ಬಾಗಿಸಿಕೊಂಡು 0.22 ಮೈಕ್ರಾನಿನ ಫಿಲ್ಟರಿನಿಂದಲೂ ನುಸುಳಬಲ್ಲದು. ಒಂದು ಮಿಲಿಲೀಟರಿನಲ್ಲಿ ಕೋಟಿಗಟ್ಟಲೆ ಇದ್ದರೂ ಮೀಡಿಯಂ ಮಬ್ಬಾಗುವುದಿಲ್ಲ. ಕೋಶಗಳು ಸಾಯದೆ ಉಳಿಯಬಹುದು, ಆದರೆ ಅವುಗಳ ಆಹಾರವನ್ನು, ಅದರಲ್ಲೂ ಆರ್ಜಿನಿನ್‌ನಂಥ ಅಮೈನೋ ಆಮ್ಲಗಳನ್ನು, ಇದು ತಿಂದು ಹಾಕುತ್ತದೆ. ಅಂಥ ಕೋಶಗಳಿಂದ ಬಂದ ಫಲಿತಾಂಶವನ್ನು ಹೇಗೆ ನಂಬುವುದು, ಅಲ್ವಾ? ಇದು ನಮ್ಮ ಬಾಯಿಂದಲೂ ಬರಬಹುದು, ದನದ ಸೀರಮ್ಮಿನಿಂದಲೂ ಬರಬಹುದು. ಆದರೆ ಮುಖ್ಯವಾಗಿ ಬರುವುದು ಸೋಂಕಿರುವ ಇನ್ನೊಂದು ಕಲ್ಚರಿನಿಂದ. ಪಿಪೆಟ್ ಮಾಡುವಾಗ ಹಾರುವ ಕಣ್ಣಿಗೆ ಕಾಣದ ಹನಿಯೊಂದೇ ಸಾಕು.

ಅದಕ್ಕೇ ಹೇಳುತ್ತಿದ್ದೇನೆ, ಯಾರೇ ಕೊಟ್ಟರೂ, ಎಷ್ಟೇ ದೊಡ್ಡ ಲ್ಯಾಬಾದರೂ, ಹೊಸ ಕೋಶಗಳನ್ನು ಬೇರೆ ಇನ್‌ಕ್ಯುಬೇಟರಿನಲ್ಲಿಡಿ. ಅದಿಲ್ಲದಿದ್ದರೆ ಟೆಸ್ಟ್ ಆಗುವವರೆಗೆ ಫ್ಲಾಸ್ಕನ್ನು ನಿಮ್ಮ ಇನ್‌ಕ್ಯುಬೇಟರಿನೊಳಗೆ ಇಡಲೇಬೇಡಿ ಅಂತ ನಾನು ಹೇಳುತ್ತೇನೆ. ಅವುಗಳಿಗೆ ಬೇರೆಯೇ ಮೀಡಿಯಂ ಬಾಟಲಿ ಇರಲಿ. ದಿನದ ಉಳಿದ ಕೆಲಸವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಅವುಗಳನ್ನು ಮುಟ್ಟಿ, ಆಮೇಲೆ ಹುಡ್ (ಶೋಧಿಸಿದ ಗಾಳಿ ಬರುವ, ಕೆಲಸ ಮಾಡುವ ಕಪಾಟು) ಒರೆಸಿ. ಆಂಟಿಬಯೋಟಿಕ್ ಇಲ್ಲದೆ ಎರಡು ಮೂರು ಪಾಸೇಜ್ (ಒಂದೊಂದು ಸಲ ಹೊಸ ಫ್ಲಾಸ್ಕಿಗೆ ಹಂಚುವುದು) ಬೆಳೆಸಿ ಪಿಸಿಆರ್ ಮಾಡಿಸಿ. ಆಂಟಿಬಯೋಟಿಕ್ ಇದ್ದರೆ ಸೋಂಕು ಅಡಗಿ ಕೂರಬಹುದು. ಸುಮ್ನೆ ಬಾಯಿಮಾತಿಗೆ ಒಪ್ಪಬೇಡಿ, ತಾರೀಖು ಇರುವ ರಿಪೋರ್ಟ್ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಜೊತೆಗೆ ಎಸ್‌ಟಿಆರ್ ಟೆಸ್ಟ್ ಕೂಡ ಮಾಡಿಸಿ, ಕೋಶಗಳು ಹೇಳಿದ ಹೆಸರಿನವೇ ಹೌದಾ ಅಂತ ಡಿಎನ್‌ಎ ನೋಡಿ ಗುರುತಿಸುವ ಪರೀಕ್ಷೆ ಅದು. ಬೇರೆ ಬೇರೆ ಹೆಸರಿನ ಹಲವು ಕೋಶಸಾಲುಗಳು (ಲ್ಯಾಬಿನಲ್ಲಿ ಬೆಳೆಸುತ್ತಲೇ ಇರುವ ಒಂದೇ ಮೂಲದ ಕೋಶಗಳು) ನಿಜವಾಗಿ ಹೀಲಾ ಅನ್ನುವ ಕ್ಯಾನ್ಸರ್ ಕೋಶಗಳೇ ಅಂತ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್ 1966ರಲ್ಲೇ ತೋರಿಸಿದ್ದರು. ಆ ತೊಂದರೆ ಇನ್ನೂ ಮುಗಿದಿಲ್ಲ.

ಸೋಂಕು ಸಿಕ್ಕರೆ, ಮತ್ತೆಲ್ಲೂ ಸಿಗದ ಕೋಶಗಳಾದರೆ ಮಾತ್ರ ಔಷಧ ಹಾಕಿ ಉಳಿಸಲು ನೋಡಿ. ಉಳಿದವನ್ನು ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ) ಎಸೆಯಿರಿ. ದ್ರವ ಸಾರಜನಕದಲ್ಲಿಟ್ಟ ವಯಲುಗಳನ್ನು ಮರೆಯಬೇಡಿ, −196 ಡಿಗ್ರಿಯಲ್ಲೂ ಮೈಕೋಪ್ಲಾಸ್ಮಾ ಬದುಕಿರುತ್ತದೆ. ಆ ಫ್ಲಾಸ್ಕ್ ಬಂದ ನಂತರ ಫ್ರೀಜ್ ಮಾಡಿದ ಪ್ರತಿಯೊಂದು ಬ್ಯಾಚನ್ನೂ ಟೆಸ್ಟ್ ಮಾಡಿ.