ದೀಪಾವಳಿಗೆ ಕರಿದ ತಿಂಡಿ ಬದಲು: ಅವಲಕ್ಕಿ ಚೂಡಾನೋ, ಉಸಲಿಯೋ, ಪಡ್ಡೋ?

ನೆಂಟರು ದಿನವಿಡೀ ಬಂದು ಹೋಗುವ ಮನೆಗೆ ಅವಲಕ್ಕಿ ಚೂಡಾವೇ ಸರಿ. ಕಾಲು ಕೆಜಿ ತೆಳು ಅವಲಕ್ಕಿಗೆ ಎರಡು ದೊಡ್ಡ ಚಮಚ ಎಣ್ಣೆ ಸಾಕು. ಮೊದಲು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವವರೆಗೆ ಹುರಿಯಿರಿ. ಉರಿ ಜೋರಾದರೆ ಮುದುಡಿ ಸೀಯುತ್ತದೆ. ಆಮೇಲೆ ಶೇಂಗಾ, ಹುರಿಗಡಲೆ, ಕರಿಬೇವು, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ. ಕರಿಬೇವು, ಮೆಣಸಿನಕಾಯಿ ಗರಿಗರಿಯಾಗಲೇಬೇಕು, ಇಲ್ಲದಿದ್ದರೆ ಅವುಗಳ ನೀರಿನಂಶಕ್ಕೇ ಚೂಡಾ ಮೆತ್ತಗಾಗುತ್ತದೆ. ಬಿಸಿಯಿರುವಾಗ ಡಬ್ಬಿಗೆ ತುಂಬಿದರೂ ಅದೇ ಗತಿ. ಗಾಳಿಯಾಡದ ಡಬ್ಬಿಯಲ್ಲಿ ವಾರವಾದರೂ ಕೆಡದು.

ಹೊಟ್ಟೆ ತುಂಬಬೇಕು, ಪ್ರೋಟೀನ್ ಬೇಕು ಎಂದರೆ ಕಡಲೆಕಾಳಿನ ಉಸಲಿ. ಎಂಟು ಗಂಟೆ ನೆನೆಸಿ, ಬೇಯಿಸಿ, ನೀರು ಪೂರ್ತಿ ಬಸಿಯಿರಿ. ತೆಂಗಿನಕಾಯಿ ತುರಿ, ನಿಂಬೆರಸ ಬಡಿಸುವ ಮುನ್ನವಷ್ಟೇ ಹಾಕಿ. ಕಾಯಿ ಬೆರೆತ ಮೇಲೆ ಹೊತ್ತು ಕಳೆದರೆ ಹಳಸುತ್ತದೆ.

ಪಡ್ಡು ಮಕ್ಕಳಿಗೆ ಅಚ್ಚುಮೆಚ್ಚು, ಕುಳಿಗೆ ಕಾಲು ಚಮಚ ಎಣ್ಣೆ ಸಾಕು. ಆದರೆ ಆರಿದರೆ ಗಟ್ಟಿ, ಒಬ್ಬರು ಒಲೆ ಮುಂದೆಯೇ ನಿಲ್ಲಬೇಕು. ಹಬ್ಬದ ದಿನ ಮನೆಯವರಿಗೆ ಆ ಕಷ್ಟ ಬೇಡ. ನಾಲ್ಕೈದು ಜನರಿದ್ದರೆ ಮಾತ್ರ ಮಾಡಿ.