ಸ್ಪೆಕ್ಟ್ರಮ್‌ಗೆ ರೆಡಿಮೇಡ್ ಸಿ ಲೈಬ್ರರಿ ಕಿಟ್ ಕೊಳ್ಳುವ ಮುಂಚೆ ಇದನ್ನು ಓದಿ

ಝೆಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನುವ ಹಳೆಯ ಕಂಪ್ಯೂಟರ್‌ಗೆ ಸಿ ಭಾಷೆಯಲ್ಲಿ ಆಟ ಬರೆಯೋಣ ಅಂತ ಹೊರಟಿದ್ದೀರಾ? ಹಾಗಾದರೆ "ಎಲ್ಲಾ ಒಂದೇ ಜಿಪ್‌ನಲ್ಲಿ" ಅಂತ ಮಾರುವ ಕಿಟ್‌ಗಳ ತಂಟೆಗೆ ಹೋಗಬೇಡಿ. ನಾನು ಕೊಂಡದ್ದರಲ್ಲಿ ಇದ್ದದ್ದು ಇಷ್ಟು: ಕಂಪೈಲ್ ಮಾಡಿಟ್ಟ ಲೈಬ್ರರಿ (ಸಿದ್ಧ ಫಂಕ್ಷನ್‌ಗಳ ಕಟ್ಟು), ಅದರ ಹೆಡರ್ ಫೈಲ್, ಒಂದಷ್ಟು ಮಾದರಿ ಟೇಪ್ ಫೈಲ್, ಜೊತೆಗೆ ಮಾರಿದವನದೇ ಎಮ್ಯುಲೇಟರ್ (ಈಗಿನ ಕಂಪ್ಯೂಟರ್‌ನಲ್ಲಿ ಸ್ಪೆಕ್ಟ್ರಮ್‌ನಂತೆ ನಡೆದುಕೊಳ್ಳುವ ಪ್ರೋಗ್ರಾಮ್). ಲೈಬ್ರರಿಗೆ ಸೋರ್ಸ್ ಕೋಡ್ ಇಲ್ಲ. ಯಾವ ಕಂಪೈಲರ್, ಯಾವ ಆವೃತ್ತಿ ಅನ್ನುವ ಮಾಹಿತಿಯೂ ಇಲ್ಲ. ಮಾರಿದವನ ಹೆಸರು ಹಾಕುವುದಿಲ್ಲ, ಗುರುತುಗಳನ್ನು ಹೇಳುತ್ತೇನೆ.

ಸ್ಪೆಕ್ಟ್ರಮ್ 1982ರಲ್ಲಿ ಬ್ರಿಟನ್ನಿನಲ್ಲಿ ಸಿಂಕ್ಲೇರ್ ತಂದ ಯಂತ್ರ. 3.5 ಮೆಗಾಹರ್ಟ್ಝ್‌ನ ಝೆಡ್80ಎ ಪ್ರೊಸೆಸರ್, 16 ಅಥವಾ 48 ಕಿಲೋಬೈಟ್ ಮೆಮೊರಿ. ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು 1986ರಲ್ಲಿ ಆಮ್‌ಸ್ಟ್ರಾಡ್ ಕೊಂಡುಕೊಂಡಿತು. ರೋಮ್ ಅನ್ನು (ಯಂತ್ರದೊಳಗೆ ಶಾಶ್ವತವಾಗಿ ಕೂತಿರುವ ಮೂಲ ಸಾಫ್ಟ್‌ವೇರ್) ಎಮ್ಯುಲೇಟರ್‌ಗಳ ಜೊತೆ ಹಂಚಲು ಆ ಕಂಪನಿ ಮುಂದೆ ಅನುಮತಿ ಕೊಟ್ಟಿತು, ಒಂದು ಷರತ್ತಿನ ಮೇಲೆ: ಒಳಗಿರುವ ಹಕ್ಕುಸ್ವಾಮ್ಯದ ಸಾಲನ್ನು ಮುಟ್ಟಬಾರದು. ಈ ಕಿಟ್‌ನ ಎಮ್ಯುಲೇಟರ್ ತೆರೆದರೆ, ಸಿಂಕ್ಲೇರ್ ರಿಸರ್ಚ್ ಹೆಸರು ಬರಬೇಕಾದ ಜಾಗದಲ್ಲಿ ಮಾರಿದವನ ಹೆಸರು ಕೂತಿತ್ತು! ನಿಮಗೆ ಇಂಥದ್ದು ಕಂಡರೆ ಅಲ್ಲೇ ಮುಚ್ಚಿಬಿಡಿ.

ಮಾದರಿಗಳೆಲ್ಲ ಚೆನ್ನಾಗೇ ಓಡಿದವು, ಮೊದಲೇ ಕಟ್ಟಿ ಕೊಟ್ಟವಲ್ಲವೇ. ಹೊಸ ಎಸ್‌ಡಿಸಿಸಿ ಕಂಪೈಲರ್‌ನಲ್ಲಿ ನನ್ನದೇ ಕೋಡ್ ಕಟ್ಟಿ ಅವರ ಲೈಬ್ರರಿ ಸೇರಿಸಿದಾಗ ಬಂಡವಾಳ ಬಯಲಾಯಿತು. ಎರಡು ಅಂಕಿ ಕೊಟ್ಟು ಒಂದು ಚುಕ್ಕೆ ಹಾಕು ಅಂದರೆ, ಚುಕ್ಕೆ ಪರದೆಯ ಯಾವುದೋ ಮೂಲೆಯಲ್ಲಿ ಬೀಳುತ್ತಿತ್ತು. ಲೂಪ್‌ನಲ್ಲಿ ಹಾಕಿದರೆ ಅದೇ ಮೂಲೆಯಲ್ಲಿ ಚುಕ್ಕೆಗಳ ರಾಶಿ. ಎರರ್ ಇಲ್ಲ, ವಾರ್ನಿಂಗೂ ಇಲ್ಲ.

ಫ್ಯೂಸ್ ಎಮ್ಯುಲೇಟರ್‌ನ ಡೀಬಗರ್‌ನಲ್ಲಿ ಆ ಫಂಕ್ಷನ್ನಿನ ಬಾಗಿಲಲ್ಲೇ ಪ್ರೋಗ್ರಾಮನ್ನು ನಿಲ್ಲಿಸಿ ನೋಡಿದೆ. ಅಡ್ಡ ಅಂಕಿ ಎ ರಿಜಿಸ್ಟರ್‌ನಲ್ಲಿ (ರಿಜಿಸ್ಟರ್ ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಗೂಡು), ಲಂಬ ಅಂಕಿ ಎಲ್ ರಿಜಿಸ್ಟರ್‌ನಲ್ಲಿ, ಎರಡೂ ಸರಿಯಾಗೇ ಇದ್ದವು. ಆದರೆ ಲೈಬ್ರರಿಯ ಮೊದಲ ಆದೇಶವೇ ಎಚ್ ಮತ್ತು ಎಲ್ ಸೇರಿದ ಎಚ್‌ಎಲ್ ಜೋಡಿಗೆ 2 ತುಂಬುತ್ತದೆ, ಮುಂದಿನದು ಅದಕ್ಕೆ ಸ್ಟ್ಯಾಕ್ ಪಾಯಿಂಟರ್ ಕೂಡಿಸುತ್ತದೆ. ಅಂದರೆ ಅಂಕಿಗಳನ್ನು ಸ್ಟ್ಯಾಕ್‌ನಲ್ಲಿ (ತಾತ್ಕಾಲಿಕ ಬೆಲೆಗಳನ್ನು ಒಂದರ ಮೇಲೊಂದು ಪೇರಿಸಿಡುವ ಮೆಮೊರಿಯ ಜಾಗ) ಹುಡುಕುತ್ತಿದೆ, ಹುಡುಕುವ ಗಡಿಬಿಡಿಯಲ್ಲಿ ಎಲ್‌ನಲ್ಲಿದ್ದ ಅಂಕಿಯನ್ನು ಅಳಿಸಿಯೂ ಹಾಕಿದೆ.

ಕಾರಣ ಇಷ್ಟೇ. ಹಳೆಯ ಎಸ್‌ಡಿಸಿಸಿ ಝೆಡ್80ಗೆ ಆರ್ಗ್ಯುಮೆಂಟ್‌ಗಳನ್ನೆಲ್ಲ (ಫಂಕ್ಷನ್ನಿಗೆ ಕೊಡುವ ಬೆಲೆಗಳು) ಸ್ಟ್ಯಾಕ್ ಮೇಲೆ ಇಡುತ್ತಿತ್ತು. 2022ರ 4.2 ಆವೃತ್ತಿಯಿಂದ ಮೊದಲ ಒಂದೆರಡನ್ನು ರಿಜಿಸ್ಟರ್‌ಗಳಲ್ಲೇ ಕಳಿಸುವುದು ಡೀಫಾಲ್ಟ್ ಆಯಿತು. ಕೋಡ್ ಚಿಕ್ಕದಾಗುತ್ತದೆ, ವೇಗವಾಗುತ್ತದೆ, ಬದಲಾವಣೆ ಒಳ್ಳೆಯದೇ. ಸೋರ್ಸ್ ಇದ್ದಿದ್ದರೆ ತಿದ್ದಿಕೊಂಡು ಮತ್ತೆ ಕಟ್ಟಬಹುದಿತ್ತು. ಕೈಯಿಂದ ಬರೆದ ಅಸೆಂಬ್ಲಿ ರೂಟಿನ್‌ಗಳನ್ನು ಹಳೆಯ ಪದ್ಧತಿಗೆ ಜೋಡಿಸಿ, ಬೈನರಿ ಮಾತ್ರ ಕೊಟ್ಟರೆ, ನನ್ನ ಕೋಡನ್ನೂ ಲೈಬ್ರರಿಯನ್ನೂ ಜೋಡಿಸುವ ಲಿಂಕರ್‌ಗೆ ತಿಳಿಯುವುದು ಹೇಗೆ? ಹೆಸರು ತಾಳೆಯಾಯಿತೋ, ಸೇರಿಸಿತು.

ಎಮ್ಯುಲೇಟರ್‌ನ ವಿಷಯ ಇನ್ನೂ ಕೆಟ್ಟದು. ಅಸಲಿ 48ಕೆ ಯಂತ್ರದಲ್ಲಿ 16384ರಿಂದ 32767ರವರೆಗಿನ ಮೆಮೊರಿಯನ್ನು ಪರದೆ ಬಿಡಿಸುವ ಯುಎಲ್‌ಎ ಚಿಪ್ ಕೂಡ ಬಳಸುತ್ತದೆ. ಚಿತ್ರ ಬಿಡಿಸುವ ಹೊತ್ತಿನಲ್ಲಿ ಪ್ರೊಸೆಸರ್ ಅಲ್ಲಿಗೆ ಕೈ ಹಾಕಿದರೆ ಒಂದೊಂದು ಸಲಕ್ಕೆ 6 ಟಿ-ಸ್ಟೇಟ್‌ವರೆಗೂ (ಪ್ರೊಸೆಸರ್ ಗಡಿಯಾರದ ಒಂದು ಬಡಿತಕ್ಕೆ ಒಂದು ಟಿ-ಸ್ಟೇಟ್) ಕಾಯಬೇಕು. ಕಿಟ್‌ನ ಸೂಚನೆ ನೋಡಿ: "ಹೆಚ್ಚು ಜಾಗ ಸಿಗಲು ಪ್ರೋಗ್ರಾಮನ್ನು 24576ರಲ್ಲಿ ಇಡಿ." ನೇರವಾಗಿ ಆ ನಿಧಾನದ ಪ್ರದೇಶಕ್ಕೆ! ಅವರ ಎಮ್ಯುಲೇಟರ್ ಈ ಕಾಯುವಿಕೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಲ್ಲಿ ಪರದೆಯ ಸುತ್ತಲಿನ ಬಾರ್ಡರ್‌ನಲ್ಲಿ ಮಾದರಿ ಬಿಡಿಸುವ ಬಣ್ಣದ ಪಟ್ಟಿಗಳು ಗೆರೆ ಎಳೆದಂತೆ ನೇರ. ಅದೇ ಟೇಪನ್ನು ಅಸಲಿ ಯಂತ್ರಕ್ಕೆ ತುಂಬಿದರೆ ಪಟ್ಟಿಗಳ ಅಂಚು ಹರಿದು ಚಿಂದಿ.

ಕೀಬೋರ್ಡ್ ರೂಟಿನ್ ಕೂಡ ಹಾಗೇ. ಪೋರ್ಟ್ 254 ಓದಿದಾಗ ಕೀಲಿಗಳ ಸುದ್ದಿ ಇರುವುದು ಕೆಳಗಿನ 5 ಬಿಟ್‌ಗಳಲ್ಲಿ ಮಾತ್ರ. ಬಿಟ್ 6 ಟೇಪ್‌ನ ಇಯರ್ ಸಾಕೆಟ್‌ಗೆ ಸೇರಿದ್ದು, ಅದರ ಬೆಲೆ ಯಂತ್ರದ ಬೋರ್ಡ್‌ನ ಆವೃತ್ತಿ ಇಶ್ಯೂ 2ಓ 3ಓ ಅನ್ನುವುದರ ಮೇಲೂ, ಆ ಪೋರ್ಟ್‌ಗೆ ಕೊನೆಗೆ ಏನು ಬರೆದಿರಿ ಅನ್ನುವುದರ ಮೇಲೂ ಬದಲಾಗುತ್ತದೆ. ಈ ಲೈಬ್ರರಿ ಇಡೀ ಬೈಟ್ 191 ಆಗಿದ್ದರೆ (ಅಂದರೆ ಬಿಟ್ 6 ಸೊನ್ನೆಯಾಗಿದ್ದರೆ) ಮಾತ್ರ "ಕೀಲಿ ಒತ್ತಿಲ್ಲ" ಅನ್ನುತ್ತದೆ. ಬಿಟ್ 6 ಒಂದಾಗಿ 255 ಬಂದರೆ ಯಾರೂ ಮುಟ್ಟದ ಕೀಬೋರ್ಡ್‌ನಲ್ಲಿ ಕೀಲಿ ಒತ್ತಿದೆ ಅಂದುಕೊಳ್ಳುತ್ತದೆ. ಅವರ ಎಮ್ಯುಲೇಟರ್ ಕೀಲಿ ಒತ್ತದಿದ್ದಾಗ ಯಾವಾಗಲೂ 191 ಕೊಡುವ ಹಾಗೆ ಮಾಡಿಟ್ಟಿದ್ದಾರೆ. ತೂಕದ ಬಟ್ಟನ್ನೂ ಅಂಗಡಿಯವನೇ ಮಾಡಿಸಿಕೊಂಡ ಹಾಗಾಯಿತು.

ದೂರು ಕೊಟ್ಟೆ. "ನಮ್ಮ ಎಮ್ಯುಲೇಟರ್‌ನಲ್ಲಿ ಸರಿಯಾಗಿದೆ, ನಿಮ್ಮ ಯಂತ್ರ ಹಳೆಯದು" ಅಂತ ಉತ್ತರ. ಹಳೆಯದಲ್ಲದ ಸ್ಪೆಕ್ಟ್ರಮ್ ಎಲ್ಲಿ ಸಿಗುತ್ತದೋ ನಾ ಕಾಣೆ. ದುಡ್ಡು ವಾಪಸ್ ಬರಲಿಲ್ಲ, ಸೋರ್ಸ್ ಕೇಳಿದ ಮೇಲೆ ಉತ್ತರವೂ ನಿಂತಿತು.

ಸಿಟ್ಟು ಬರುವುದು ಯಾಕೆಂದರೆ ಇದಕ್ಕಿಂತ ಒಳ್ಳೆಯದು ಬಿಟ್ಟಿ ಸಿಗುತ್ತದೆ. ಝೆಡ್88ಡಿಕೆ ಅನ್ನುವ ಸಿ ಕಂಪೈಲರ್ ಕಿಟ್ ಇದೆ, ಸ್ಪೆಕ್ಟ್ರಮ್‌ನ ಲೈಬ್ರರಿ ಸೋರ್ಸ್ ಸಮೇತ ಬರುತ್ತದೆ, ಟೇಪ್ ಫೈಲನ್ನೂ ತಾನೇ ಕಟ್ಟಿಕೊಡುತ್ತದೆ. ಫ್ಯೂಸ್ ಮೆಮೊರಿಯ ಕಾಯುವಿಕೆಯನ್ನು ಲೆಕ್ಕ ಹಿಡಿಯುತ್ತದೆ, ಇಶ್ಯೂ 2 ಕೀಬೋರ್ಡ್ ಆಯ್ಕೆಯೂ ಅದರಲ್ಲಿದೆ.

ಈಗಾಗಲೇ ಇಂಥ ಕಿಟ್ ಕೊಂಡು ಸಿಕ್ಕಿಬಿದ್ದವರು ಹೀಗೆ ಮಾಡಿ: ಹೆಡರ್ ಫೈಲ್‌ನಲ್ಲಿ ಲೈಬ್ರರಿಯ ಪ್ರತಿ ಫಂಕ್ಷನ್ನಿಗೂ ಎಸ್‌ಡಿಸಿಸಿಕಾಲ್ 0 ಗುರುತು ಸೇರಿಸಿ, ಆಗ ಕಂಪೈಲರ್ ಅವಕ್ಕೆ ಮಾತ್ರ ಸ್ಟ್ಯಾಕ್ ಪದ್ಧತಿ ಅನುಸರಿಸುತ್ತದೆ. ಇಡೀ ಪ್ರೋಗ್ರಾಮಿಗೆ ಆ ಆಯ್ಕೆ ಹಾಕಬೇಡಿ, ಎಸ್‌ಡಿಸಿಸಿಯದೇ ಲೈಬ್ರರಿ ಕೈಕೊಡಬಹುದು. ಪ್ರೋಗ್ರಾಮನ್ನು 32768ಕ್ಕೆ ಎತ್ತಿಡಿ. ಅವರ ಕೀಬೋರ್ಡ್ ರೂಟಿನ್ ಕಿತ್ತೆಸೆದು, ಪೋರ್ಟ್‌ನಿಂದ ಬಂದದ್ದನ್ನು 31ರ ಜೊತೆ ಆಂಡ್ ಮಾಡುವ (ಕೆಳಗಿನ 5 ಬಿಟ್ ಮಾತ್ರ ಉಳಿಸುವ) ನಾಲ್ಕು ಸಾಲು ನೀವೇ ಬರೆದುಕೊಳ್ಳಿ.